ಪಾರುಪತ್ತೇಗಾರನ ಮುಯ್ಯಿ

ಕೇಳಿ ಮಕ್ಕಳೇ. ಏಳು ಹಳ್ಳ ದಾಟಿದರೆ ತುಂಬೆಕೆರೆ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಒಂದು ಶಾಲೆ. ಗೋಡೆ ಗಟ್ಟಿ, ಮೇಲಿನ ಹುಲ್ಲಿನ ಮಾಡು ಮಾತ್ರ ತೂತು. ಮಳೆ ಬಂದರೆ ಮಕ್ಕಳು ತಲೆಯ ಮೇಲೆ ಹಲಗೆ ಹಿಡಿದು ಮಗ್ಗಿ ಹೇಳಬೇಕು.

ಆ ಶಾಲೆಯ ಉಸ್ತುವಾರಿಗೆ ತಿಮ್ಮರಸಯ್ಯ ಅನ್ನೋ ಪಾರುಪತ್ತೇಗಾರ. ಮಾತು ಬೆಲ್ಲ, ಮೈ ಬೆಣ್ಣೆ. ಒಂದು ದಿನ ಅವನು ಮಕ್ಕಳ ಬಾಯಲ್ಲಿ ಮನೆಮನೆಗೂ ಹೇಳಿ ಕಳಿಸಿದ. ಮಾಡು ಹೊದಿಸಬೇಕು, ಅದಕ್ಕೆ ಶಾಲೆ ಹಬ್ಬ ಮಾಡೋಣ, ಅಪ್ಪಂದಿರು ಚಪ್ಪರ ಹಾಕಲಿ, ಅವ್ವಂದಿರು ಚಕ್ಕುಲಿ ಕರಿಯಲಿ, ಮಾರಿ ಬಂದದ್ದೆಲ್ಲ ಮಾಡಿಗೆ.

ಅದೇ ಊರಲ್ಲಿ ಮಂಚಮ್ಮ ಅಂತ ಒಬ್ಬ ತಾಯಿ. ಗಂಡ ದೂರದ ಕೋಟೆ ಕಾವಲಿಗೆ ಹೋಗಿದ್ದ. ಮಗಳು ಶಾಲೆಗೆ, ಇವಳು ಗದ್ದೆಗೆ. ಹೇಳಿಕೆ ಬಂದಾಗ ಎಲ್ಲರಿಗಿಂತ ಮೊದಲು ಹೊರಟವಳು ಇವಳೇ. ನಮ್ಮ ಮಕ್ಕಳ ಕೆಲಸ ನಾವಲ್ಲದೆ ಇನ್ಯಾರು ಮಾಡುತ್ತಾರೆ ಅಂದುಕೊಂಡು, ಸೆರಗು ಸಿಕ್ಕಿಸಿ ಬಾಣಲೆ ಮುಂದೆ ಕೂತಳು. ಕಷ್ಟವೇ ಅನ್ನಿಸಲಿಲ್ಲ.

ಹಬ್ಬ ಆಯಿತು. ಚಕ್ಕುಲಿ ಒಂದೂ ಉಳಿಯಲಿಲ್ಲ. ಬಂದದ್ದು ಓಲಗದವರಿಗೆ ಹೋಯಿತು, ಅಧಿಕಾರಿಗಳಿಗೆ ಹೊದಿಸಿದ ಶಾಲಿಗೆ ಹೋಯಿತು, ತಿಮ್ಮರಸಯ್ಯನ ಜರಿಪೇಟಕ್ಕೆ ಹೋಯಿತು. ಮಾಡು ಹಾಗೇ ಇತ್ತು.

ತಿಂಗಳು ತುಂಬಲಿಲ್ಲ, ಎರಡನೇ ಹಬ್ಬ. ಈ ಸಲ ಕೋಡುಬಳೆ. ಮಂಚಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮಾಡು ಹಾಗೇ ಇತ್ತು.

ಮತ್ತೆ ತಿಂಗಳು ತುಂಬಲಿಲ್ಲ, ಮೂರನೇ ಹಬ್ಬ. ಈ ಸಲ ಕಜ್ಜಾಯ. ಪಕ್ಕದ ಮನೆ ದ್ಯಾವಮ್ಮ ಒಲೆ ಮುಂದೆ ತೂಕಡಿಸಿ ಇನ್ನೇನು ಬಾಣಲೆಗೆ ಬೀಳಬೇಕು, ಮಂಚಮ್ಮ ಜಡೆ ಹಿಡಿದು ಎಳೆದಳು. ಮಾಡು ಹಾಗೇ ಇತ್ತು.

ಬರೋದಿಲ್ಲ ಅಂದವರ ಮಕ್ಕಳನ್ನು ತಿಮ್ಮರಸಯ್ಯ ಸೋರುವ ಮೂಲೆಯಲ್ಲಿ ಕೂರಿಸುತ್ತಿದ್ದ. ಹಾಗಾಗಿ ಯಾವ ತಾಯಿಯೂ ಬಾಯಿ ಬಿಡುತ್ತಿರಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ಹಾಗಾಯಿತು ಅವರ ಬಾಳು.

ನಾಟಿಯ ಕಾಲ ಬಂತು. ಗದ್ದೆ ಉತ್ತು ನೀರು ಕಟ್ಟಿತ್ತು. ಸಸಿಮಡಿಯಲ್ಲಿ ಮಂಚಮ್ಮನ ಭತ್ತದ ಸಸಿ ಗೇಣುದ್ದ ಎದ್ದು ನಿಂತಿತ್ತು. ವಾರದೊಳಗೆ ಕಿತ್ತು ನೆಡದಿದ್ದರೆ ಸಸಿ ಬಲಿತು ಹೋಗುತ್ತದೆ. ವರ್ಷದ ಅನ್ನವೇ ಹೋದ ಹಾಗೆ. ಸರಿಯಾಗಿ ಅದೇ ಹೊತ್ತಿಗೆ ನಾಲ್ಕನೇ ಹೇಳಿಕೆ ಬಂತು. ಮೂರು ದಿನ ಕರಿಯಬೇಕಂತೆ, ಆಮೇಲೆ ಎಂಟು ದಿನ ಹಬ್ಬವಂತೆ, ಮೊದಲ ದಿನಕ್ಕೆ ರಾಜನೇ ಬರುತ್ತಾನಂತೆ.

ಮಂಚಮ್ಮ ಹೋಗಿ ಸಸಿಯ ಕಥೆ ಹೇಳಿಕೊಂಡಳು. ಇದೊಂದು ಸಲ ಬಿಟ್ಟುಬಿಡಿ ಅಂದಳು. ತಿಮ್ಮರಸಯ್ಯ ಎಲೆ ಅಡಿಕೆ ಜಗಿಯುತ್ತಾ ನಕ್ಕ.

"ಹೆತ್ತ ಮಗಳಿಗಿಂತ ಗದ್ದೆ ಹೆಚ್ಚಾಯಿತೇನವ್ವಾ?"

ಆ ಮಾತು ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ಮಂಚಮ್ಮ ಮೂರು ದಿನ ಕರಿದಳು. ಕೈ ಚಕ್ಕುಲಿ ಒತ್ತುತ್ತಿತ್ತು, ತಲೆ ಬೇರೇನೋ ಲೆಕ್ಕ ಹಾಕುತ್ತಿತ್ತು.

ಹಬ್ಬದ ದಿನ ರಾಜ ಬಂದ. ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡ. ಯಾರ ಕೈ ಗುಣ ಇದು ಅಂತ ಕೇಳಿದ. ತಾಯಂದಿರು ಪ್ರೀತಿಯಿಂದ ಮಾಡಿದ್ದು ಅಂತ ತಿಮ್ಮರಸಯ್ಯ ಎದೆ ಉಬ್ಬಿಸಿದ. ಆಗ ಮಂಚಮ್ಮ ಮುಂದೆ ಬಂದು ಕೈ ಮುಗಿದು ನಿಂತಳು.

"ಬುದ್ಧಿ, ಕೂಲಿ ಕೊಡದೆ ಬಿಟ್ಟಿ ದುಡಿಸಿಕೊಳ್ಳೋದು ನಿಮ್ಮ ರಾಜ್ಯದಲ್ಲಿ ಇನ್ನೂ ಇದೆಯಾ?"

ರಾಜನ ಹುಬ್ಬು ಗಂಟಾಯಿತು. ಬಿಟ್ಟಿಯನ್ನು ಅವನ ಅಜ್ಜನ ಕಾಲದಲ್ಲೇ ನಿಲ್ಲಿಸಿದ್ದರು. ಮಾಡಿಸಿದವನಿಗೆ ತಲೆ ಬೋಳಿಸಿ ಗಡಿಪಾರು. ರಾಜ ಪಾರುಪತ್ತೇಗಾರನ ಕಡೆ ತಿರುಗಿದ. ತಿಮ್ಮರಸಯ್ಯ ಪೇಟ ಸರಿಮಾಡಿಕೊಂಡ. ಬಾಯಿಗೆ ಬಂದ ಒಂದು ಮಾತನ್ನು ಹಿಡಿದುಕೊಂಡ.

"ಬಿಟ್ಟಿಯಲ್ಲ ಪ್ರಭು, ಮುಯ್ಯಿ. ಹಳ್ಳಿಯ ಜನ ಒಬ್ಬರ ಕೆಲಸಕ್ಕೆ ಒಬ್ಬರು ಹೋಗುತ್ತಾರಲ್ಲ, ಹಾಗೆ."

ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ದ್ಯಾವಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಪಾಪ, ಅಯ್ಯನವರು ಹುಟ್ಟಿದಾಗಿನಿಂದ ಒಂದು ದಿನವೂ ಮುಯ್ಯಿಗೆ ಹೋದವರಲ್ಲ. ಮುಯ್ಯಿ ಅಂದರೆ, ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಬದಲಿ ಆಳು ಕಳಿಸುವ ಹಾಗಿಲ್ಲ. ಅದು ತೀರುವ ತನಕ ಇನ್ನೊಂದು ಸಲ ಯಾರನ್ನೂ ಕರೆಯುವ ಹಾಗೂ ಇಲ್ಲ.

ಮಂಚಮ್ಮ ಅಂದಳು, "ಅಯ್ಯನವರ ಬಾಯಲ್ಲೇ ಬಂತು, ಸಂತೋಷ. ನಾವು ನಲವತ್ತು ಮನೆಯವರು ಬಂದಿದ್ದೀವಿ. ನಾಳೆ ಮೊದಲು ನನ್ನ ನಾಟಿಗೆ ಬರಲಿ."

ರಾಜ ಮೀಸೆಯಡಿ ನಕ್ಕ. "ಬಿಟ್ಟಿ ಅಂದರೆ ಗಡಿ, ಮುಯ್ಯಿ ಅಂದರೆ ಗದ್ದೆ. ಯಾವುದು ಬೇಕಯ್ಯಾ?"

"ಗದ್ದೆ, ಪ್ರಭು," ಅಂದ ತಿಮ್ಮರಸಯ್ಯ.

ಹಬ್ಬ ಅಲ್ಲಿಗೇ ನಿಂತಿತು. ಬೆಳಗಾದರೆ ಹೆಂಗಸರೆಲ್ಲ ಮಂಚಮ್ಮನ ಗದ್ದೆಯಲ್ಲಿ ಸಾಲಾಗಿ ಬಗ್ಗಿದ್ದರು. ನಡುವೆ ಜರಿಪೇಟ. ತಿಮ್ಮರಸಯ್ಯ ಸಸಿ ಊರುತ್ತಾ ಗತ್ತಿನಲ್ಲಿ ಮುಂದೆ ಮುಂದೆ ನಡೆದ.

"ಅಯ್ಯನವರೇ, ನಾಟಿ ಹಾಕೋರು ಹಿಂದಕ್ಕೆ ನಡೀತಾರೆ. ನೀವು ನೆಟ್ಟಿದ್ದನ್ನೇ ತುಳೀತಾ ಇದ್ದೀರಿ," ಅಂದಳು ದ್ಯಾವಮ್ಮ.

ಹಿಂದಕ್ಕೆ ಹೆಜ್ಜೆ ಇಟ್ಟ, ಕೆಸರಲ್ಲಿ ಕೂತ. ಗದ್ದೆಯೆಲ್ಲ ನಕ್ಕಿತು. ಹೊತ್ತು ಮುಳುಗುವಷ್ಟರಲ್ಲಿ ಮಂಚಮ್ಮನ ನಾಟಿ ಮುಗಿದಿತ್ತು. ಅವಳು ಬದುವಿನ ಮೇಲೆ ಕಾಲು ಚಾಚಿ ಕೂತು, ಬಹಳ ದಿನದ ಮೇಲೆ ನೆಮ್ಮದಿಯಾಗಿ ಉಸಿರು ಬಿಟ್ಟಳು.

ಎರಡನೇ ದಿನ ದ್ಯಾವಮ್ಮನ ಮನೆ ರಾಗಿ ಬೀಸಿದ, ರಟ್ಟೆ ಬಿತ್ತು. ಮೂರನೇ ದಿನ ಮೂರನೇ ಮನೆಯ ಒಲೆ ಮುಂದೆ ಚಕ್ಕುಲಿ ಕರಿದ, ಅಂಗೈಯಲ್ಲಿ ಬೊಬ್ಬೆ ಎದ್ದವು. ಇನ್ನೂ ಮೂವತ್ತೇಳು ಮನೆ. ಅವನು ತನ್ನ ಕೈಯನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದ.

ನಾಲ್ಕನೇ ದಿನ ಮಂಚಮ್ಮನ ಬಾಗಿಲಿಗೆ ಬಂದು, ತಪ್ಪಾಯಿತು ತಾಯೀ, ಇದಕ್ಕೊಂದು ಕೊನೆ ಹೇಳು ಅಂದ.

"ನಮ್ಮ ಮನೆಗಳ ಮುಯ್ಯಿ ಬಿಡ್ತೀವಿ. ಮಾಡು ಹೊದಿಸಿ, ಸಾಕು," ಅಂದಳು ಮಂಚಮ್ಮ.

ಮಾಡು ಆಗಿ ಮುಯ್ಯಿ ತೀರುವ ತನಕ ಯಾರನ್ನೂ ಕರೆಯುವ ಹಾಗಿಲ್ಲವಲ್ಲ. ಜರಿಪೇಟ ಮಾರಿ ಹುಲ್ಲು ತಂದ. ಹಬ್ಬದ ಚಪ್ಪರ ಬಿಚ್ಚಿ ಬಿದಿರು ತಂದ. ತಾನೇ ಏಣಿ ಹತ್ತಿದ. ನಾಲ್ಕು ಹಬ್ಬಕ್ಕೆ ಆಗದ ಮಾಡು ಐದೇ ದಿನಕ್ಕೆ ಆಯಿತು. ಆರನೇ ದಿನ ಜಡಿಮಳೆ. ಒಳಗೆ ಒಂದು ಹನಿಯೂ ಬೀಳಲಿಲ್ಲ.

ಅಂದಿನಿಂದ ತುಂಬೆಕೆರೆಯಲ್ಲಿ ಶಾಲೆ ಕೆಲಸಕ್ಕೆ ತಾಯಂದಿರನ್ನು ಕರೆಯಬೇಕಾದರೆ, ಕರೆಯುವವನು ಮೊದಲು ಅವರ ಗದ್ದೆಗೆ ಹೋಗಿ ಬರಬೇಕು.

ನೆನಪಿಡಿ ಮಕ್ಕಳೇ. ಹಸು ಹಾಲು ಕೊಡುತ್ತದೆ ಅಂತ ಕರುವಿಗೂ ಬಿಡದೆ ಹಿಂಡಬಾರದು. ಪ್ರೀತಿಯಿಂದ ದುಡಿಯುವವರಿಗೂ ಬೆನ್ನು ಇರುತ್ತದೆ, ಅದು ನೋಯುತ್ತದೆ. ಕೈ ನೀಡಿ ಅಂತ ಕೇಳುವವನು ತಾನೂ ಕೈ ಕೆಸರು ಮಾಡಿಕೊಳ್ಳಬೇಕು.

ಮಂಚಮ್ಮನ ಗದ್ದೆ ಆ ವರ್ಷ ತೆನೆ ಭಾರಕ್ಕೆ ಬಾಗಿತು. ಬಗ್ಗಿದ್ದು ತೆನೆ ಮಾತ್ರ.