ಬಾಣಂತಿ ದಿಬ್ಬದ ಹಳೇ ಕಚೇರಿ

ಮುದೇನಕೊಪ್ಪದ ಪಡುವಣ ದಿಕ್ಕಿಗೆ, ಎರೆಹೊಲಗಳ ನಡುವೆ ಒಂದು ಕಲ್ಲುದಿಬ್ಬವಿದೆ. ಅದರ ನೆತ್ತಿಯ ಮೇಲೆ ಮಾಳಿಗೆ ಕುಸಿದ, ಬಾಗಿಲಿಲ್ಲದ ಹಳೆಯ ಕಚೇರಿ. ರವಿವಾರ ಬಂತೆಂದರೆ ಸಾಕು, ಪೇಟೆಯ ಹುಡುಗ ಹುಡುಗಿಯರು ಮೋಟಾರ್ ಸೈಕಲ್ ಏರಿ ಬಂದು ಮೊಬೈಲು ಹಿಡಿದು ನಿಲ್ಲುತ್ತಾರೆ. ಬಿರುಕು ಬಿಟ್ಟ ಕಮಾನು, ಕಿಟಕಿಯಲ್ಲಿ ತಲೆಯಾಡಿಸುವ ಓತಿಕ್ಯಾತ, ಗೋಡೆಯ ಮೇಲೆ ಬಾಲ ನಿಮಿರಿಸಿದ ಅಳಿಲು, ಯಾವುದನ್ನೂ ಬಿಡುವುದಿಲ್ಲ. ಫೋಟೋ ಮುಗಿದ ಮೇಲೆ ದನಿ ತಗ್ಗಿಸಿ, ‘ಇದಕ್ಕೆ ಬಾಣಂತಿ ದಿಬ್ಬ ಅಂತಾರಲ್ಲ, ಯಾವ ಬಾಣಂತಿ ಸತ್ತಿದ್ದು?’ ಎಂದು ಕೇಳುತ್ತಾರೆ. ಏನು ಮಾಡುವುದು, ನಮ್ಮ ನಾಡಿನಲ್ಲಿ ಹೆಣ್ಣಿನ ಹೆಸರು ಹೊತ್ತ ಕೆರೆ, ಕೋಟೆಗಳ ಕಥೆಗಳೆಲ್ಲ ಒಂದು ಸಾವಿನಲ್ಲೇ ಮುಗಿಯುವುದರಿಂದ ಅವರಿಗೆ ಆ ರೂಢಿ ಬಿದ್ದಿದೆ. ಇಲ್ಲಿ ಯಾರೂ ಸಾಯಲಿಲ್ಲ ಮಾರಾಯರೇ! ಇಲ್ಲಿ ಒಬ್ಬಳು ಹಡೆದಳು, ಉಂಡಳು, ತಾಟು ನೆಕ್ಕಿದಳು.

ಹಿಂದೆ ಒಮ್ಮೆ, ದೇಸಾಯರ ದರ್ಬಾರು ಇನ್ನೂ ಬಿಸಿಯಾಗಿದ್ದ ಕಾಲದಲ್ಲಿ, ಈ ಸೀಮೆಯಲ್ಲಿ ಹಂಪಣ್ಣನೆಂಬ ಚಿತ್ರಗಾರನಿದ್ದನಂತೆ. ಅಪ್ಪ ಅಜ್ಜಂದಿರು ಗುಡಿಯ ಗೋಡೆಗೆ ಬಣ್ಣ ಬರೆದವರು. ಇವನು ಮೂರು ಕಾಲಿನ ಮೇಲೆ ನಿಲ್ಲುವ ಮರದ ಕ್ಯಾಮೆರಾ ತಂದು, ಕರಿಬಟ್ಟೆಯೊಳಗೆ ತಲೆ ತೂರಿಸಿ ಗಾಜಿನ ಮೇಲೆ ಚಿತ್ರ ಹಿಡಿಯುವುದನ್ನು ಕಲಿತಿದ್ದ. ಹೊಟ್ಟೆಪಾಡಿಗೆ ಗೌಡರ, ದೇಸಾಯರ ಮೀಸೆಗಳನ್ನು ಹಿಡಿಯುತ್ತಿದ್ದನಾದರೂ ಅವನ ಜೀವವಿದ್ದದ್ದು ಹಾಳು ಗೋಡೆಗಳಲ್ಲಿ, ಅಲ್ಲಿ ಸುಳಿಯುವ ಹುಳಹುಪ್ಪಟೆಗಳಲ್ಲಿ. ‘ಮನಿಶಾರು ಎದುರಿಗೆ ಕುಂತಿದ್ರ ಇವಗ ಬ್ಯಾಸರ, ಹಲ್ಲಿ ಕುಂತಿದ್ರ ಹಬ್ಬ’ ಎಂದು ಹೆಂಡತಿ ನೀಲವ್ವ ಊರ ಬಾವಿಕಟ್ಟೆಯಲ್ಲಿ ಹಾಡಿಕೊಂಡು ನಗುತ್ತಿದ್ದಳು ಎನ್ನುತ್ತಾರೆ.

ಆ ವರ್ಷ ಅಪ್ಪಾಸಾಹೇಬ ದೇಸಾಯರಿಗೆ ವಾಡೆಯ ಮುಂದೆ ಮಹಾದ್ವಾರ ಕಟ್ಟಿಸುವ ಹುಕಿ ಬಂತು. ದಿಬ್ಬದ ಮೇಲಿನ ಕಚೇರಿ ಪಾಳುಬಿದ್ದು ಬಹಳ ಕಾಲವಾಗಿತ್ತು. ಅದನ್ನೇ ಕೆಡವಿ ಕಲ್ಲು ಹೇರಿಸಿರಿ ಎಂದು ಅಪ್ಪಣೆಯಾಯಿತು. ಸುದ್ದಿ ಹಂಪಣ್ಣನಿಗೂ ಮುಟ್ಟಿತು. ಕೆಡವುವ ಮುಂಚೆ ಒಂದು ಚಿತ್ರವಾದರೂ ಉಳಿಯಲಿ ಎಂದು, ಶಿವರಾತ್ರಿ ಕಳೆದ ಮೂರನೆಯ ದಿನ ಬೆಳಿಗ್ಗೆಯೇ ಕ್ಯಾಮೆರಾ ಹೊತ್ತು ದಿಬ್ಬ ಹತ್ತಿದ. ಬಾಗಿಲಿಗೆ ನೇರವಾಗಿ ಕ್ಯಾಮೆರಾ ನಿಲ್ಲಿಸಿ ಕರಿಬಟ್ಟೆ ಹೊದ್ದುಕೊಂಡ. ಗಾಜಿನಲ್ಲಿ ಲೋಕವೆಲ್ಲ ತಲೆಕೆಳಗು. ಆ ತಲೆಕೆಳಗಾದ ಕತ್ತಲಲ್ಲಿ ಎರಡು ಕಣ್ಣು ಹೊಳೆದವು. ಒಳಕೋಣೆಯ ಮೂಲೆಯಲ್ಲಿ ಒಂದು ನರಿ ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಇನ್ನೂ ಕಣ್ಣು ಬಿಡದ ಮರಿಗಳು. ಹಂಪಣ್ಣನಿಗೆ ಸಂತೋಷವೋ ಸಂತೋಷ. ಆದರೆ ಅಷ್ಟರಲ್ಲೇ ಬೆನ್ನ ಹಿಂದೆ ಕಬ್ಬಿಣದ ಸದ್ದು. ಮೇಸ್ತ್ರಿ ದುರ್ಗಪ್ಪ ಹತ್ತು ಆಳುಗಳೊಡನೆ ಬಂದು ಗೋಡೆಗೆ ಹಾರೆ ಇಡುತ್ತಿದ್ದ. ಬಟ್ಟೆಯೊಳಗಿಂದ ತಲೆ ತೆಗೆಯುವಷ್ಟೂ ಪುರುಸೊತ್ತಿಲ್ಲದೆ ಹಂಪಣ್ಣ ಕೂಗಿಬಿಟ್ಟ: ‘ಹಾರಿ ಹಾಕಬ್ಯಾಡೋ ದುರ್ಗಪ್ಪಾ, ಒಳಗ ಬಾಣಂತಿ ಅದಾಳ!’

ದುರ್ಗಪ್ಪನ ಕೈ ನಿಂತಿತು. ಯಾರ ಮನೆಯವಳು, ಇಲ್ಲೇಕೆ ಹಡೆದಳು ಎಂದು ಅವನು ಕೇಳಲಿಲ್ಲ. ಹಾಳುಮನೆಯಲ್ಲಿ ಹೆರಿಗೆಯಾಗಿದೆ ಎಂದರೆ ಯಾವುದೋ ದಿಕ್ಕಿಲ್ಲದ ಹೆಣ್ಣು, ಅದರ ಕಥೆ ಕೆದಕುವುದು ಗಂಡಸರಿಗೆ ಹೇಳಿದ್ದಲ್ಲ. ಬಾಣಂತಿಯ ಹತ್ತಿರ ಸುತ್ತಿಗೆಯ ಸದ್ದೂ ಆಗಬಾರದು. ಅವನು ಬೇವಿನ ಟೊಂಗೆ ಮುರಿದು ಬಾಗಿಲಿಗೆ ಸಿಕ್ಕಿಸಿ, ದೃಷ್ಟಿಯಾಗದಿರಲೆಂದು ತನ್ನದೇ ಹಳೆಯ ಕೆರವೊಂದನ್ನು ತೂಗುಹಾಕಿ, ಆಳುಗಳನ್ನು ಕರೆದುಕೊಂಡು ಇಳಿದುಹೋದ. ನಿಜ ಹೇಳಲು ಹಂಪಣ್ಣ ಬಾಯಿ ತೆರೆದ. ಹೇಳಿದರೆ ಮರಿಗಳು ಕಲ್ಲಿನಡಿಗೆ ಹೋಗುತ್ತವೆ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡ.

ಮುಚ್ಚಿದ ಬಾಯಿಗೆ ಫಲ ಸಿಗಲು ತಡವಾಗಲಿಲ್ಲ. ಸಂಜೆಗೇ ಊರ ಹೆಂಗಸರು ಬಾಣಂತಿಗೆಂದೇ ಮಾಡಿದ ಅಳವಿ ಪಾಯಸ, ಅಂಟಿನುಂಡಿ, ತುಪ್ಪ ಸುರಿದ ಬಿಸಿ ಅನ್ನ ಹೊತ್ತು ದಿಬ್ಬ ಹತ್ತಿದರು. ‘ಪಾಪ, ಯಾರ ಮನಿ ಕೂಸೋ ಏನೋ, ನಾಚಿ ಕುಂತೈತಿ, ಇಣುಕಬ್ಯಾಡ್ರೇ’ ಎಂದು ತಮ್ಮತಮ್ಮಲ್ಲೇ ಕಟ್ಟು ಮಾಡಿಕೊಂಡು, ಹೊಸ್ತಿಲಲ್ಲಿ ತಾಟು ಇಟ್ಟು ತಿರುಗಿದರು. ಬೆಳಿಗ್ಗೆ ಬಂದು ನೋಡಿದರೆ ತಾಟುಗಳು ಬೆಳಗಿಟ್ಟಂತಿವೆ! ‘ಹಸಿವು ಚಲೋ ಐತಿ, ಹಾಲಿಗೇನೂ ಕೊರತಿ ಇಲ್ಲ’ ಎಂದು ಅವರು ಹಿಗ್ಗಿದರು. ಹಂಪಣ್ಣನಿಗೆ ಮಾತ್ರ ಅನ್ನ ಇಳಿಯದು. ಗುಟ್ಟು ರಟ್ಟಾದರೆ ಮರಿಗಳ ಜೊತೆಗೆ ತನ್ನ ಊರವಾಸವೂ ಮುಗಿದಂತೆಯೇ. ಹೀಗೆ ಹತ್ತು ಹನ್ನೆರಡು ದಿನ ಸಂದವು. ಅತ್ತ ದೇಸಾಯರು ಮಹಾದ್ವಾರದ ಚಿಂತೆಯಲ್ಲಿ ಮೀಸೆ ಕಡಿಯುತ್ತಿದ್ದರು. ಇತ್ತ ಅವರ ತಾಯಿ ಬಸಲಿಂಗವ್ವನವರ ಕಿವಿಗೂ ಸುದ್ದಿ ಬಿತ್ತು.

ಬಸಲಿಂಗವ್ವನವರಿಗೆ ಹೆಣ್ಣುಮಕ್ಕಳಿರಲಿಲ್ಲ. ಹಸಿರು ಸೀರೆ, ಕುಬಸದ ಖಣ, ಕೊಬ್ಬರಿ, ಅಕ್ಕಿ, ಕೂಸಿಗೆ ಕುಂಚಿಗೆ ಎಲ್ಲವನ್ನೂ ಹೊರಿಸಿಕೊಂಡು, ಮಗನನ್ನೂ ಜೊತೆಗೆ ಎಳೆದುಕೊಂಡು ಅವರು ದಿಬ್ಬಕ್ಕೆ ಬಂದಾಗ ಊರಿಗೆ ಊರೇ ಹಿಂದೆ ಬಂದಿತ್ತು. ಹೊಸ್ತಿಲಲ್ಲಿ ಉಡಿಯ ಸಾಮಾನು ಇಟ್ಟು, ಒಳಗಿನ ಕತ್ತಲಿಗೆ ಕೇಳುವಂತೆ ಹೇಳಿದರು: ‘ತವರಿಲ್ಲ ಅಂತ ಕೊರಗಬ್ಯಾಡವ್ವಾ. ಇವತ್ತಿಂದ ನೀ ನನ್ನ ಮಗಳು. ಈ ಮನಿ ನಿನಗ ಅರಿಶಿನ ಕುಂಕುಮಕ್ಕ ಕೊಟ್ಟೇನಿ.’ ಆ ಮಾತಿಗೆ ಹೆಂಗಸರ ಕಣ್ಣು ತುಂಬಿ ಬಂದವು. ಅದೇ ಗಳಿಗೆಗೆ, ಆಗತಾನೆ ಕಣ್ಣುಬಿಟ್ಟ ಒಂದು ಮರಿ ತೂರಾಡುತ್ತ ಹೊರಬಂದು, ಹಸಿರು ಸೀರೆಯ ಸೆರಗಿನ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ಅದರ ಹಿಂದೆಯೇ ನರಿಯೂ ಬಂದು ಹೊಸ್ತಿಲಲ್ಲಿ ನಿಂತಿತು.

ದೇಸಾಯರ ಮುಖ ಕೆಂಡವಾಯಿತು. ‘ಏನಲೇ ಹಂಪ್ಯಾ, ನರೀಗಿ ಬಾಣಂತಿ ಅಂದಿ?’ ಮಂದಿಯ ಜೊತೆ ಕ್ಯಾಮೆರಾ ಹೊತ್ತು ಬಂದಿದ್ದ ಹಂಪಣ್ಣ ಅದನ್ನು ಕೆಳಗಿಳಿಸಿ ಹೇಳಿದ: ‘ಹಡದಾಳ್ರಿ ಧಣಿ. ಹಡದಾಕಿಗಿ ಮತ್ತೇನಂತಾರ್ರಿ?’ ದುರ್ಗಪ್ಪ ಹಾರೆ ಎತ್ತಲೋ ಬಿಡಲೋ ಎಂದು ನೋಡುತ್ತಿದ್ದ. ಎಲ್ಲರ ಕಣ್ಣೂ ಮುದುಕಿಯ ಮೇಲೆ. ಬಸಲಿಂಗವ್ವ ಮೊದಲು ಮರಿಯನ್ನು ನೋಡಿದರು, ಆಮೇಲೆ ಸೀರೆಯನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ‘ಅಂಟಿನುಂಡಿ ತಿಂದಾಳ, ಉಡಿ ತುಂಬಿಸ್ಕೊಂಡಾಳ. ತುಂಬಿದ ಉಡಿ ಹೊಳ್ಳಿ ತಗೊಳ್ಳಾಕ ಬರ್ತೈತೇನೋ ತಮ್ಮಾ? ನಿನ್ನ ಬಾಗಲಕ್ಕ ಬ್ಯಾರೆ ಕಲ್ಲು ನೋಡು. ತಂಗಿ ಮನಿ ಕೆಡವಿ ಅಣ್ಣ ಬಾಗಲಾ ಕಟ್ಟಿದ ಅಂತ ನಾಕೂರು ನಗಬಾರದು.’ ದೇಸಾಯರು ಹೊಸ್ತಿಲ ಕಡೆ ತಿರುಗಿದರು. ತಂಗಿಯನ್ನೊಮ್ಮೆ ನೋಡಿದರು. ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

ಅಂದಿನಿಂದ ಅದು ಬಾಣಂತಿ ದಿಬ್ಬ. ಮಹಾದ್ವಾರ ಕಟ್ಟಲೇ ಇಲ್ಲ ಎನ್ನುತ್ತಾರೆ ಕೆಲವರು. ಕಟ್ಟಿ ಬಿತ್ತು ಎನ್ನುತ್ತಾರೆ ಕೆಲವರು. ಕಚೇರಿ ಮಾತ್ರ ಇದ್ದಷ್ಟು ಹಾಗೆಯೇ ಇದೆ, ನರಿಗಳೂ ಇವೆ. ಆ ದಿನ ಹಂಪಣ್ಣ ಹಿಡಿದ ಚಿತ್ರ ಈಗ ಊರ ಶಾಲೆಯ ಗೋಡೆಯ ಮೇಲಿದೆ. ಬಂದವರು ಅದನ್ನೂ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಾರೆ. ‘ಹತ್ತು ಎಣಿಸೋತನಕ ಯಾರೂ ಅಲುಗಾಡಬ್ಯಾಡ್ರಿ’ ಎಂದು ಅವನು ಎಷ್ಟು ಬೇಡಿಕೊಂಡರೂ ನಗು ನಿಲ್ಲಿಸುವವರು ಯಾರು? ದೇಸಾಯರು, ದುರ್ಗಪ್ಪ, ಬಸಲಿಂಗವ್ವ, ಊರ ಮಂದಿ ಎಲ್ಲರೂ ಅದರಲ್ಲಿ ಹೊಗೆಯಂತೆ ಮಸುಕಾಗಿದ್ದಾರೆ. ನಡುವೆ, ಹೊಸ್ತಿಲ ಮೇಲೆ, ಬಾಣಂತಿ ಒಬ್ಬಳೇ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಕುಳಿತಿದ್ದಾಳೆ.