ನೀರಲ್ಲಿ ತೂಗಿದ ದೊರೆ

ತುಂಬೆಗಿರಿ ಅಂತ ಒಂದು ರಾಜ್ಯವಿತ್ತು, ಕೇಳ್ರಪ್ಪಾ. ಭದ್ರಪ್ಪ ನಾಯಕ ಅಲ್ಲಿಯ ದೊರೆ. ಮನಸ್ಸು ಬೆಣ್ಣೆ, ಬುದ್ಧಿ ಮಾತ್ರ ಸ್ವಲ್ಪ ನಿಧಾನ. ಪ್ರತಿ ವರ್ಷ ದೊರೆಯನ್ನು ತಕ್ಕಡಿಯಲ್ಲಿ ಕೂರಿಸಿ, ಅವನ ತೂಕದಷ್ಟು ಬೆಲ್ಲವನ್ನು ಬಾಣಂತಿಯರಿಗೆ ಹಂಚುವುದು ಅಲ್ಲಿಯ ಪದ್ಧತಿ. ದೊರೆ ದಪ್ಪಗಿದ್ದಷ್ಟೂ ಬಾಣಂತಿಯರಿಗೆ ಸುಗ್ಗಿ.

ಬೆಲ್ಲದ ಉಗ್ರಾಣ ಪಾರುಪತ್ತೇಗಾರ ಹಂಪಯ್ಯನ ಕೈಯಲ್ಲಿತ್ತು. ಹಂಚಿ ಉಳಿದದ್ದನ್ನು ಮನೆಗೆ ಸಾಗಿಸುವ ಆಸೆ ಅವನಿಗೆ. ಮೀಯುವುದೂ ತೂಗುವುದೂ ಒಂದೇ ಮುಹೂರ್ತದಲ್ಲಾದರೆ ಪುಣ್ಯ ಇಮ್ಮಡಿ ಎಂದು ದೊರೆಯ ತಲೆ ತುಂಬಿದ. ಅರಮನೆಯ ಕೊಳದಲ್ಲಿ ತಕ್ಕಡಿ ಕಟ್ಟಿಸಿದ. ಬೆಲ್ಲದ ತಟ್ಟೆ ಮೆಟ್ಟಿಲ ಮೇಲೆ, ದೊರೆಯ ತಟ್ಟೆ ನೀರೊಳಗೆ. ಸುತ್ತ ಪರದೆ ಕಟ್ಟಿಸಿ, ಹೆಂಗಸರು ಅತ್ತ ಸುಳಿಯಕೂಡದು ಎಂದ.

ದೊರೆ ಎದೆಮಟ್ಟದ ನೀರಲ್ಲಿ ಕೂತ. ಎರಡು ಬುಟ್ಟಿ ಬೆಲ್ಲಕ್ಕೇ ತಕ್ಕಡಿ ಸಮವಾಗಿ ನಿಂತಿತು. ದೊರೆಗಳು ಬಡವಾಗಿದ್ದಾರೆ ಎಂದು ಹಂಪಯ್ಯ ಕಣ್ಣೊರೆಸಿಕೊಂಡ. ಆ ವರ್ಷ ಎಷ್ಟೋ ಬಾಣಂತಿಯರು ಬರಿಗೈಯಲ್ಲಿ ಹೋದರು.

ಮೈ ಬರಲಿ ಎಂದು ದೊರೆ ಹೋಳಿಗೆ ತಿಂದ. ತುಪ್ಪ ಸುರಿದುಕೊಂಡು ತಿಂದ. ಸಿಂಪಿಗ ಬಂದು ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡಿದ. ಮರುವರ್ಷ ತೂಗಿದರೆ ಅದೇ ಎರಡು ಬುಟ್ಟಿ. ಅವನು ಇನ್ನೂ ತಿಂದ. ಸಿಂಪಿಗ ಇನ್ನೂ ಬಿಚ್ಚಿದ. ಮೂರನೆಯ ವರ್ಷವೂ ಅದೇ ಎರಡು ಬುಟ್ಟಿ. ಅಂಗಿ ನೋಡಿದರೆ ಬಿಗಿ, ತಕ್ಕಡಿ ನೋಡಿದರೆ ಹಗುರ. ತಾನು ಊದುತ್ತಿದ್ದೇನೋ ಕರಗುತ್ತಿದ್ದೇನೋ ಪಾಪ ಅವನಿಗೆ ತಿಳಿಯಲೇ ಇಲ್ಲ. ವೈದ್ಯರನ್ನು ಕೇಳಿದರೆ ವಾತ ಎಂದರು, ಜೋಯಿಸರು ಶನಿ ಎಂದರು. ತಲೆ ಇನ್ನಷ್ಟು ಕೆಟ್ಟಿತು.

ಒಂದು ದಿನ ಬೆಳಗ್ಗೆ ರಾಣಿ ಚೆನ್ನಾಜಮ್ಮ ಹಿತ್ತಲ ಬಾವಿಯಲ್ಲಿ ತುಳಸಿಗೆ ನೀರು ಸೇದುತ್ತಿದ್ದಳು. ಅದು ಅವಳ ವ್ರತ. ದೊರೆ ಪಕ್ಕದಲ್ಲಿ ನಿಂತು ತನಗೆ ಶಕ್ತಿಯೇ ಉಳಿದಿಲ್ಲ ಎಂದು ಗೋಳಾಡಿದ. ಕೇಳಿ ಕೇಳಿ ಬೇಸತ್ತ ರಾಣಿ ಹಗ್ಗವನ್ನು ಅವನ ಕೈಗೇ ಕೊಟ್ಟಳು.

ದೊರೆ ಹುಟ್ಟಿದಾಗಿನಿಂದ ನೀರು ಸೇದಿದವನಲ್ಲ. ಎಳೆದ. ಕೊಡ ಹೂವಿನಂತೆ ಬಂತು. ನೀರು ಬಿಟ್ಟು ಮೇಲೆದ್ದ ಕೂಡಲೇ ತೋಳು ಕಿತ್ತುಹೋಗುವಂತೆ ಜಗ್ಗಿತು. ಇಳಿಸಿ ನೋಡಿದ, ಹಗುರ. ಎತ್ತಿ ನೋಡಿದ, ಭಾರ.

"ಇದರೊಳಗೆ ಈಗ ಏನು ಹಾಕಿದೆ?" ಎಂದು ಕೇಳಿದ.

"ನಾನೇನು ಹಾಕಲಿ? ಇಷ್ಟೊತ್ತು ಕೊಡವನ್ನು ನೀರು ಹೊತ್ತಿತ್ತು. ಈಗ ನೀವು ಹೊತ್ತಿದ್ದೀರಿ."

ನೀರಲ್ಲಿ ಕೂತು ತೂಗಿಸಿಕೊಂಡದ್ದು ದೊರೆಗೆ ಆಗ ನೆನಪಾಯಿತು. ಆಮೇಲೆ ಕೊಳದ ಪರದೆ ಕಿತ್ತುಹಾಕಿಸಿ, ಬಾಣಂತಿಯರನ್ನೂ ಹಂಪಯ್ಯನನ್ನೂ ಅಲ್ಲಿಗೆ ಕರೆಸಿದ.

"ನಾನು ಎರಡು ಬುಟ್ಟಿ ಬೆಲ್ಲದಷ್ಟೇ ಅಂದೆಯಲ್ಲ ಹಂಪಯ್ಯ. ಈ ಸಲ ನನ್ನನ್ನೇ ಹೊತ್ತು ಇವರ ಕೇರಿಗೆ ನಡೆ."

ಇಬ್ಬರೂ ಕೊಳಕ್ಕಿಳಿದರು. ನೀರಲ್ಲಿ ಹಂಪಯ್ಯ ನಗುನಗುತ್ತಲೇ ದೊರೆಯನ್ನು ಕೂಸುಮರಿ ಮಾಡಿಕೊಂಡ. ಒಂದು ಮೆಟ್ಟಿಲು ಹತ್ತಿದ, ನಗು ನಿಂತಿತು. ಎರಡು ಹತ್ತಿದ, ಕಾಲು ನಡುಗಿತು. ಮೂರನೆಯದಕ್ಕೆ ಪೂರಾ ನೀರಿನಿಂದಾಚೆ ಬಂದು ಬೋರಲು ಬಿದ್ದ. ದೊರೆ ಬೆನ್ನು ಬಿಟ್ಟು ಇಳಿಯಲಿಲ್ಲ.

"ಬುದ್ಧೀ, ಭಾರ, ಇಳೀರಿ."

"ಇಷ್ಟು ಭಾರದ ಬೆಲ್ಲ ಮೂರು ವರ್ಷ ಯಾರ ಮನೆ ಸೇರಿತು, ಅದನ್ನು ಹೇಳು. ಇಳಿಯುತ್ತೇನೆ."

ಉಸಿರು ಸಿಕ್ಕಿಕೊಂಡ ಹಂಪಯ್ಯ ಎಲ್ಲವನ್ನೂ ಒಪ್ಪಿಕೊಂಡ. ಸಂಜೆಯೊಳಗೆ ಅವನ ಅಟ್ಟದ ಬೆಲ್ಲವೆಲ್ಲ ಗಾಡಿಗಳಲ್ಲಿ ಬಾಣಂತಿಯರ ಬಾಗಿಲಿಗೆ ಬಂತು. ಅವನ ಕೆಲಸವೂ ಹೋಯಿತು.

ನೋಡಿದಿರಾ ಮಕ್ಕಳೇ, ಕೊಡುವ ಬೆಲ್ಲವನ್ನು ಒಣನೆಲದಲ್ಲಿ ತೂಗಿ, ಕೊಡುವ ದೊರೆಯನ್ನು ನೀರಲ್ಲಿ ತೂಗಿದರೆ ಅದು ತೂಕವಲ್ಲ, ಮೋಸ. ಎರಡು ತಟ್ಟೆಗೂ ಒಂದೇ ನ್ಯಾಯವಿರಬೇಕು. ಇಲ್ಲದಿದ್ದರೆ ಕದ್ದ ಭಾರ ಒಂದು ದಿನ ಕದ್ದವನ ಬೆನ್ನ ಮೇಲೇ ಬಂದು ಕೂರುತ್ತದೆ.