ಬೊಮ್ಮಯ್ಯ ಕಾಣಬಯಸಿದ ಮಗು

“ಉಳಿಯುವ ಭರವಸೆ ಇಲ್ಲದ ಮಗುವಿಗೆ ಹೊಸ ಮದ್ದು ಕೊಟ್ಟು ನೋಡುವುದು ಸರಿಯೇ, ಗುರುಗಳೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ವೈದ್ಯರು. ಶಿಷ್ಯೆ ಅದೇ ವಾರ್ಡಿಗೆ ಹೊಸದಾಗಿ ಸೇರಿದವಳು. ಮರುದಿನ ಅವಳು ಒಬ್ಬ ತಾಯಿಯ ಮುಂದೆ ಒಪ್ಪಿಗೆ ಪತ್ರ ಇಟ್ಟು ಸಹಿ ಕೇಳಬೇಕಾಗಿತ್ತು. ಅವಳಿಗೆ ಅಲ್ಲಿಗೆ ಹೋಗಲು ಕಾಲು ಬರುತ್ತಿರಲಿಲ್ಲ.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಹೀಗೆ ಹೇಳಿದರು:

ಕಡಲ ದಂಡೆಯ ಊರೊಂದರಲ್ಲಿ ಬೊಮ್ಮಯ್ಯ ಎಂಬ, ಕಡಲ ನೀರು ಕಟ್ಟಿ ಉಪ್ಪು ತೆಗೆಯುವ ಆಗರದ ಕೆಲಸಗಾರನಿದ್ದ. ಹೆಂಡತಿ ಗಣಪಿ. ಮಗಳು ಮಾದೇವಿ, ಏಳು ವರ್ಷದವಳು. ಮಾದೇವಿಯ ಹಿಂದಲೆಯಲ್ಲಿ, ಮಿದುಳಿನೊಳಗೆ, ಒಂದು ಗಂಟು ಬೆಳೆಯಿತು. ಅದನ್ನು ಕೊಯ್ದು ತೆಗೆದರು. ವಿಕಿರಣ ಕೊಟ್ಟರು. ಒಂದು ವರ್ಷ ಅವಳು ಚೆನ್ನಾಗಿದ್ದಳು. ಆಮೇಲೆ ರೋಗ ಮರಳಿ ಬಂತು. ಈ ಸಲ ಮಿದುಳನ್ನೂ ಬೆನ್ನುಹುರಿಯನ್ನೂ ತೋಯಿಸುವ ನೀರಿನಲ್ಲೇ ಹರಡಿತ್ತು. ರಕ್ತನಾಳಕ್ಕೆ ಕೊಡುವ ಮದ್ದು ಆ ನೀರಿಗೆ ಸಾಕಷ್ಟು ಇಳಿಯುವುದಿಲ್ಲ. ಕೊಡಬಹುದಾದ ಮದ್ದುಗಳನ್ನೆಲ್ಲ ಕೊಟ್ಟು ಮುಗಿದಿತ್ತು.

ಊರಿಂದ ದೂರದ ನಗರದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನಿದ್ದ. ಅವನ ಬಳಿ ಒಂದು ಹೊಸ ಮದ್ದು ಇತ್ತು. ನೆತ್ತಿಯ ಚರ್ಮದ ಕೆಳಗೆ ಬಟ್ಟಲಿನಂಥ ಒಂದು ಸಣ್ಣ ಸಿಲಿಕೋನ್ ಗುಳ್ಳೆಯನ್ನು ಕೂರಿಸಿ, ಅದರ ಮೂಲಕ ಮದ್ದನ್ನು ನೇರವಾಗಿ ಆ ನೀರಿಗೇ ಬಿಡಬೇಕು. ಎಷ್ಟು ಬಿಟ್ಟರೆ ಮಗುವಿನ ದೇಹ ತಾಳುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೂರು ಮಕ್ಕಳಿಗೆ ಬಹಳ ಸ್ವಲ್ಪ ಕೊಟ್ಟು ನೋಡುವುದು. ಅವರು ತಾಳಿದರೆ ಮುಂದಿನ ಮೂವರಿಗೆ ತುಸು ಹೆಚ್ಚು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಮಾದೇವಿಗೆ ಬಂದದ್ದು ಎರಡನೆಯ ಮೆಟ್ಟಿಲು. ವೈದ್ಯ ಇದನ್ನೆಲ್ಲ ಮುಚ್ಚಿಡದೆ ಹೇಳಿದ.

ಬೊಮ್ಮಯ್ಯ ಕೇಳಿಸಿಕೊಂಡ. “ನಮ್ಮ ಆಗರದಲ್ಲಿ ಹೊಸ ಕಟ್ಟೆ ಕಟ್ಟಿದ್ರೆ ಮೊದಲು ಸುಮ್ನೆ ನೀರು ಬಿಡ್ತೇವೆ, ಕಟ್ಟೆ ತಡೀತದೋ ಇಲ್ವೋ ನೋಡೂಕೆ,” ಎಂದ. “ನನ್ನ ಮಗಳು ಕಟ್ಟೆ ಅಲ್ಲ ಡಾಕ್ಟ್ರೇ.” ಮಗಳ ಕೈ ಹಿಡಿದುಕೊಂಡು ಎದ್ದ. ಅಂದೇ ರೈಲು ಹತ್ತಿ ಊರಿಗೆ ಹೋದ.

ಮನೆಯಲ್ಲಿ ಆರು ತಿಂಗಳ ಗಂಡು ಕೂಸಿತ್ತು. ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಮಾದೇವಿ ಹತ್ತು ದಿನ ಸುಖವಾಗಿ ಕಳೆದಳು. ಹನ್ನೊಂದನೆಯ ದಿನ ಬೆಳಿಗ್ಗೆ ವಾಂತಿ ಶುರುವಾಯಿತು. ಒಬ್ಬ ತಮ್ಮ ಇಬ್ಬರಾಗಿ ಕಾಣುತ್ತಾನೆ ಎಂದಳು.

ಗಣಪಿ ಗಂಡನಿಗೆ ಹೇಳಿದಳು: “ಕರ್ಕೊಂಡು ಹೋಗಿ. ಏನೂ ಆಗದಿದ್ರೂ ಹೋಗಿ. ಸುಮ್ನೆ ಕೂತು ನೋಡೂಕೆ ನನ್ನಿಂದ ಆಗೂದಿಲ್ಲ.”

ಬೊಮ್ಮಯ್ಯ ಮತ್ತೆ ಆಸ್ಪತ್ರೆಗೆ ಬಂದ. ವೈದ್ಯ ಒಪ್ಪಿಗೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ. ಕೊನೆಗೆ, “ಮಗಳಿಗೆ ಗುಣವಾಗುತ್ತದೆ ಎಂದು ನಂಬಿ ಸಹಿ ಹಾಕಬೇಡಿ,” ಎಂದ.

“ನಂಬದೇ ಹೆಂಗೆ ಸಹಿ ಹಾಕೂದು?” ಎಂದ ಬೊಮ್ಮಯ್ಯ.

ವೈದ್ಯ ಪತ್ರವನ್ನು ಅವನ ಕಡೆಗೆ ಸರಿಸಿದ. ಬೊಮ್ಮಯ್ಯ ಸಹಿ ಹಾಕಿದ.

ಎಂಟು ವರ್ಷದ ಮಗುವನ್ನೂ ಕೇಳಬೇಕು ಎಂಬುದು ನಿಯಮ. ವೈದ್ಯ ಮಾದೇವಿಯ ಹಾಸಿಗೆಯ ಬಳಿ ಕುಳಿತು ಅವಳಿಗೆ ತಿಳಿಯುವ ಮಾತಿನಲ್ಲಿ ಎಲ್ಲವನ್ನೂ ಹೇಳಿದ. ಅವಳು, ನೋವಾಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದ. ನೋವು ಜಾಸ್ತಿಯಾದರೆ ಬೇಡ ಎನ್ನಬಹುದೇ ಎಂದು ಕೇಳಿದಳು. ಎನ್ನಬಹುದು, ಆಗ ನಿಲ್ಲಿಸುತ್ತೇನೆ ಎಂದು ಅವನು ಮಾತು ಕೊಟ್ಟ. ಅವಳು ತಲೆಯಾಡಿಸಿದಳು.

ವಾರಕ್ಕೊಮ್ಮೆ ಮದ್ದು. ಕೊಟ್ಟ ದಿನ ಜ್ವರ, ತಲೆನೋವು. ಮರುದಿನ ಕುತ್ತಿಗೆ ಹೊರಳಿಸಲು ಆಗುತ್ತಿರಲಿಲ್ಲ. ಮೂರನೆಯ ದಿನಕ್ಕೆ ಗಂಜಿ ಕುಡಿಯುತ್ತಿದ್ದಳು, ಅಪ್ಪನ ಫೋನಿನಲ್ಲಿ ತಮ್ಮನ ಮುಖ ನೋಡುತ್ತಿದ್ದಳು. ಮೂರನೆಯ ಸಲದ ಮದ್ದಾದ ಮೇಲೆ ಒಂದು ವಾರ ಎಲ್ಲವೂ ಒಂದೊಂದಾಗಿಯೇ ಕಂಡವು. ಬೊಮ್ಮಯ್ಯ ಅದನ್ನು ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ನಾಲ್ಕನೆಯದಾದ ಮೇಲೆ ಮತ್ತೆ ಎರಡೆರಡಾದವು. ಅದನ್ನು ಯಾರಿಗೂ ಹೇಳಲಿಲ್ಲ.

ಐದನೆಯದಾದ ಮೇಲೆ ಮಾದೇವಿ ವೈದ್ಯನನ್ನು ಕರೆದು, “ಬೇಡ,” ಎಂದಳು.

ಬೊಮ್ಮಯ್ಯ ಹೊರಗೆ ಬಂದು ವೈದ್ಯನ ಎರಡೂ ಕೈ ಹಿಡಿದುಕೊಂಡ. ಇನ್ನೊಂದೇ ಒಂದು ಕೊಡಿ ಎಂದು ಬೇಡಿದ. ಮಕ್ಕಳ ಮಾತಿಗೆ ಯಾರಾದರೂ ಬೆಲೆ ಕೊಡುತ್ತಾರೆಯೇ ಎಂದು ರೇಗಿದ. ವೈದ್ಯ ಮತ್ತೊಮ್ಮೆ ಅವಳ ಬಳಿ ಹೋಗಿ ಕೇಳಿದ. ಅವಳು ಗೋಡೆಯ ಕಡೆಗೆ ಹೊರಳಿ ಮಲಗಿದಳು. ವೈದ್ಯ ಮದ್ದು ನಿಲ್ಲಿಸಿದ.

ಮಾದೇವಿ ಮನೆಗೆ ಹೋದಳು. ಒಂಬತ್ತು ವಾರ ಇದ್ದಳು. ತಮ್ಮ ಅಂಬೆಗಾಲಿಟ್ಟದ್ದನ್ನು ನೋಡಿದಳು. ತಾಯಿಯ ಪಕ್ಕದಲ್ಲಿ ತೀರಿಕೊಂಡಳು.

ಮಳೆಗಾಲದಲ್ಲಿ ಆಗರಕ್ಕೆ ಹೊಳೆಯ ನೀರು ನುಗ್ಗುತ್ತದೆ, ಉಪ್ಪಿನ ಕೆಲಸ ನಿಲ್ಲುತ್ತದೆ. ಆ ವರ್ಷದ ಮಳೆಗಾಲದಲ್ಲಿ ಬೊಮ್ಮಯ್ಯ ಆಸ್ಪತ್ರೆಗೆ ಬಂದ. ವೈದ್ಯನ ಕೋಣೆಯ ಬಾಗಿಲಲ್ಲಿ ನಿಂತೇ ಕೇಳಿದ: “ಆರನೇದು ಕೊಟ್ಟಿದ್ರೆ?”

“ಇನ್ನೂ ಗೊತ್ತಿಲ್ಲ,” ಎಂದ ವೈದ್ಯ.

ಮರುವರ್ಷವೂ ಬಂದ. ಮದ್ದು ಎಲ್ಲಿಯವರೆಗೆ ಬಂತು ಎಂದು ಕೇಳಿದ. ನಾಲ್ಕನೆಯ ಮೆಟ್ಟಿಲು ಎಂದ ವೈದ್ಯ. ಅದರ ಮರುವರ್ಷ ಐದನೆಯದು. ಅಲ್ಲಿ ಒಂದು ಮಗುವಿಗೆ ಫಿಟ್ಸ್ ಬಂದು ಎಂಟು ತಿಂಗಳು ಎಲ್ಲವೂ ನಿಂತಿತ್ತು. ಬೊಮ್ಮಯ್ಯ ಆ ಮಗುವಿನ ಗತಿ ಕೇಳಿ ತಿಳಿದುಕೊಂಡು ಹೋದ. ಬರುವಾಗಲೆಲ್ಲ ಗಣಪಿ ಒಂದು ಪೊಟ್ಟಣ ಉಪ್ಪು ಕೊಟ್ಟು ಕಳಿಸುತ್ತಿದ್ದಳು. ವೈದ್ಯ ಅದನ್ನು ಮನೆಗೆ ಒಯ್ಯುತ್ತಿದ್ದ.

ಏಳನೆಯ ಮಳೆಗಾಲದಲ್ಲಿ ವೈದ್ಯ ಅವನನ್ನು ಕೂರಿಸಿದ. “ಎಷ್ಟು ಕೊಡಬೇಕೆಂದು ಈಗ ತಿಳಿದಿದೆ,” ಎಂದ. “ಮಾದೇವಿಗೆ ಕೊಟ್ಟದ್ದು ಬಹಳ ಕಡಿಮೆ. ಅದರ ನಾಲ್ಕರಷ್ಟು ಬೇಕಿತ್ತು. ಆರನೆಯದಲ್ಲ, ಹತ್ತನೆಯದು ಕೊಟ್ಟಿದ್ದರೂ ಅವಳು ಉಳಿಯುತ್ತಿರಲಿಲ್ಲ.”

ಬೊಮ್ಮಯ್ಯ ಹೆಗಲ ಮೇಲಿನ ಪಂಜಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ. ಅವಳು ಬೇಡ ಎಂದಾಗ ಅವಳ ಮೇಲೆ ಸಿಟ್ಟಾಗಿದ್ದೆ, ಎರಡು ದಿನ ಮಾತಾಡಿರಲಿಲ್ಲ ಎಂದು ಪಂಜಿಯೊಳಗಿಂದಲೇ ಹೇಳಿದ. ಆಮೇಲೆ ಮುಖ ಒರೆಸಿಕೊಂಡು, ಯಾರಾದರೂ ಉಳಿದರೇ ಎಂದು ಕೇಳಿದ.

ಹೆಚ್ಚಿನವರು ಉಳಿಯಲಿಲ್ಲ ಎಂದ ವೈದ್ಯ. ಒಂದು ಮಗು ಇದೆ. ಎರಡು ವರ್ಷದಿಂದ ಅದರ ಸ್ಕ್ಯಾನಿನಲ್ಲಿ ರೋಗ ಕಂಡಿಲ್ಲ. ಮುಂದೇನು ಎಂದು ಹೇಳಲಾರೆ.

“ಒಂದು ಸಲ ನೋಡ್ಬೇಕು,” ಎಂದ ಬೊಮ್ಮಯ್ಯ. “ಮಾತಾಡ್ಸೂದಿಲ್ಲ. ದೂರದಿಂದ ನೋಡಿ ಹೋಗ್ತೆ. ಗಣಪಿಗೆ ಹೇಳ್ಬೇಕು, ಹಿಂಗಿತ್ತು ಅಂತ.”

ರೋಗಿಯ ಹೆಸರನ್ನಾಗಲಿ ಗುರುತನ್ನಾಗಲಿ ಇನ್ನೊಬ್ಬರಿಗೆ ಹೇಳುವಂತಿಲ್ಲ. ವೈದ್ಯ ಆಗುವುದಿಲ್ಲ ಎಂದ. ಬೊಮ್ಮಯ್ಯ ಒತ್ತಾಯ ಮಾಡಲಿಲ್ಲ. ಎದ್ದು ಹೊರಗೆ ಹೋದ.

ಹೊರಗೆ ಮಕ್ಕಳನ್ನು ತೋರಿಸಲು ಬಂದವರು ಕಾಯುವ ಪಡಸಾಲೆ. ಅಲ್ಲಿ ಗೋಡೆಗೆ ತಾಗಿಸಿ ಹಾಕಿದ ಬೆಂಚಿನ ತುದಿಯಲ್ಲಿ ಅವನು ಕುಳಿತ. ಟೊಪ್ಪಿಗೆ ಹಾಕಿದ ಮಗು ಬಂತು. ಎಡಗಾಲು ಎಳೆದು ನಡೆಯುವ ಮಗು ಬಂತು. ಸೂಜಿ ಬೇಡವೆಂದು ಕಿರುಚುವ ಮಗು, ಅಪ್ಪನ ಹೆಗಲ ಮೇಲೆ ನಿದ್ದೆ ಮಾಡುವ ಮಗು, ಬಿಸ್ಕತ್ತಿಗಾಗಿ ಅಕ್ಕನೊಡನೆ ಜಗಳವಾಡುವ ಮಗು. ಒಂದು ಮಗುವಿನ ಚೆಂಡು ಉರುಳಿ ಅವನ ಕಾಲ ಬಳಿ ಬಂತು. ಮಾತಾಡಿಸುವುದಿಲ್ಲ ಎಂದಿದ್ದರಿಂದ ಅದನ್ನು ಎತ್ತಿ ಕೊಟ್ಟನಷ್ಟೇ. ಒಬ್ಬೊಬ್ಬರನ್ನೂ ಬಾಗಿಲಿಂದ ಬಾಗಿಲವರೆಗೆ ನೋಡಿದ. ಊಟಕ್ಕೂ ಏಳಲಿಲ್ಲ.

ಸಂಜೆ ಪಡಸಾಲೆ ಖಾಲಿಯಾಯಿತು. ವೈದ್ಯ ಹೊರಗೆ ಬಂದಾಗ ಅವನು ಎದ್ದು ಕೈಮುಗಿದ.

“ನೋಡಿದೆ,” ಎಂದ.

“ಯಾವ ಮಗುವನ್ನು?”

“ಯಾವುದು ಅಂತ ಗೊತ್ತಿಲ್ಲ. ಎಲ್ಲರನ್ನೂ ನೋಡಿದೆ. ಅದ್ರಲ್ಲಿ ಒಂದು ಇರ್ತದಲ್ಲ?”

ವೈದ್ಯ ಹೌದೆಂಬಂತೆ ತಲೆಯಾಡಿಸಿದ. ಬೊಮ್ಮಯ್ಯ ರೈಲಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದ. ಮುಂದಿನ ಮಳೆಗಾಲದಲ್ಲಿ ಅವನು ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ತಡೆಯಲಾರದೆ ಕೇಳಿದಳು: “ಅವನು ನೋಡಿದ ಮಕ್ಕಳಲ್ಲಿ ಆ ಮಗು ಇತ್ತೇ?”

“ಇರಲಿಲ್ಲ,” ಎಂದರು ಗುರುಗಳು, “ಅಂದು ಅದಕ್ಕೆ ಶಾಲೆ ಇತ್ತು.”